ಮೊದ್ಲು ಹೋದೋರು ಯಾರು?

ಎರಡು ವರ್ಷ ನಾನು ಒಂದು ರಿಸರ್ಚ್ ಪ್ರಾಜೆಕ್ಟಲ್ಲಿ ಅಸಿಸ್ಟೆಂಟ್ ಆಗಿ ಕೆಲ್ಸ ಮಾಡ್ದೆ. ಬೇರೆ ದೇಶದಿಂದ ಬಂದು ನೆಲೆ ನಿಂತಿರೋ ಕುಟುಂಬಗಳನ್ನ ಹುಡುಕೋದು, ಅವ್ರ ಮನೆಗೆ ಹೋಗಿ ಮಾತಾಡ್ಸೋದು, ರೆಕಾರ್ಡ್ ಮಾಡ್ಕೊಂಡು ಬಂದು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಅದನ್ನೆಲ್ಲ ಟೈಪ್ ಮಾಡೋದು. ಶುರುನಲ್ಲಿ ನಮ್ಮ ಕೈಯಲ್ಲಿದ್ದ ಫಾರಂನಲ್ಲಿ ಒಂದು ಕುಟುಂಬಕ್ಕೆ ಒಂದೇ ಸಾಲು. ಆ ಸಾಲಲ್ಲಿ ಒಂದು ಕಾಲಂ, "ವಲಸೆ ಬಂದ ವರ್ಷ". ನಾಲ್ಕು ಅಂಕಿ ಬರ್ಯೋಕೆ ನಾಲ್ಕು ಪುಟ್ಟ ಚೌಕ.

ಮೂರನೇ ಮನೇಲೋ ನಾಲ್ಕನೇ ಮನೇಲೋ ಈ ಪ್ರಶ್ನೆ ಕೇಳ್ದಾಗ ಗಂಡ ಹೆಂಡ್ತಿ ಇಬ್ರೂ ಒಟ್ಟಿಗೇ ಬಾಯಿ ತೆಗೆದ್ರು, ಅವ್ರು ಒಂದು ವರ್ಷ ಹೇಳಿದ್ರು, ಇವ್ರು ಇನ್ನೊಂದು ವರ್ಷ ಹೇಳಿದ್ರು, ಮಧ್ಯೆ ಆರು ವರ್ಷದ ವ್ಯತ್ಯಾಸ. ಗಂಡ ನಕ್ಕೊಂಡು, "ಕುಟುಂಬ ಬಂದಿದ್ದು ಅಂದ್ರೆ ನಾನು ಬಂದಿದ್ದೇ ಅಲ್ವಾ, ಅದನ್ನೇ ಬರ್ಕೊಳಿ" ಅಂದ್ರು. ಆಯಮ್ಮ ನನ್ನ ಕಡೆ ನೋಡ್ಲಿಲ್ಲ, ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದ್ರು, "ಹಾಗಾದ್ರೆ ಆ ಆರು ವರ್ಷ ಕುಟುಂಬ ಎಲ್ಲಿತ್ತು?"

ರೆಕಾರ್ಡಿಂಗಲ್ಲಿ ಅದಾದ್ಮೇಲೆ ಹನ್ನೊಂದು ಸೆಕೆಂಡ್ ಯಾರ ಮಾತೂ ಇಲ್ಲ, ಫ್ಯಾನ್ ಸದ್ದು ಮಾತ್ರ. ನಾನು ಪೆನ್ ಹಿಡ್ಕೊಂಡು ಕೂತಿದ್ದೆ, ಚೌಕಗಳು ಖಾಲಿ.

ಮಾರನೇ ದಿನ ಇದನ್ನ ನಮ್ಮ ಮೇಡಂ ಹತ್ರ ಹೇಳ್ದಾಗ ಅವ್ರು ಅಷ್ಟೂ ಫಾರಂ ವಾಪಸ್ ತಗೊಂಡು ಹೊಸದು ಮಾಡ್ಸಿದ್ರು. ಮನೆಗೆ ಒಂದು ಸಾಲಲ್ಲ, ಮನುಷ್ಯರಿಗೆ ಒಂದೊಂದು ಸಾಲು. ಯಾರು ಯಾವ ವರ್ಷ ಬಂದ್ರು, ಯಾರ ಹೆಸರಲ್ಲಿ ವೀಸಾ ಇತ್ತು, ದಾರಿಖರ್ಚಿನ ದುಡ್ಡು ಯಾರು ಕೊಟ್ರು, ಬರೋದು ಬೇಡ ಅಂತ ಯಾರಾದ್ರೂ ಅಂದಿದ್ರಾ. ಇಷ್ಟೇ ಬದಲಾವಣೆ. ಆದ್ರೆ ಅಲ್ಲಿಂದ ಮುಂದೆ ಪ್ರತಿ ಮನೇಲೂ ಬೇರೆಯದೇ ಕಥೆ ಹೊರಗೆ ಬರೋಕೆ ಶುರುವಾಯ್ತು. "ಕುಟುಂಬ ವಲಸೆ ಹೋಯ್ತು" ಅನ್ನೋ ವಾಕ್ಯ ನಂಗೆ ಆಗಿನಿಂದ ಸುಳ್ಳು ಅನ್ಸೋಕೆ ಶುರುವಾಗಿದೆ. ಕುಟುಂಬ ಹೋಗಲ್ಲ, ಒಬ್ರಾದ್ಮೇಲೆ ಒಬ್ರು ಹೋಗ್ತಾರೆ, ಕೆಲವ್ರು ಹೋಗೋದೇ ಇಲ್ಲ, ಮತ್ತೆ ಯಾರು ಮೊದ್ಲು ಹೋದ್ರು ಅನ್ನೋದ್ರ ಮೇಲೆ ಹತ್ತು ವರ್ಷ ಆದ್ಮೇಲೆ ಆ ಮನೇಲಿ ಪಾತ್ರೆ ಯಾರು ತೊಳೀತಾರೆ, ದುಡ್ಡು ಯಾರ ಕೈಲಿರುತ್ತೆ, ವಾಪಸ್ ಹೋಗೋಣ ಅಂತ ಯಾರು ಅಂತಾರೆ ಅನ್ನೋದೆಲ್ಲ ಸುಮಾರು ಮಟ್ಟಿಗೆ ನಿಂತಿರುತ್ತೆ. ಇದು ನಾನು ಕಂಡುಹಿಡಿದಿದ್ದಲ್ಲ. ಸಮಾಜಶಾಸ್ತ್ರದೋರು ಮೂವತ್ತು ನಲವತ್ತು ವರ್ಷದಿಂದ ಹೇಳ್ತಾನೇ ಇದ್ದಾರೆ, ಕನ್ನಡದಲ್ಲಿ ಇದ್ರ ಬಗ್ಗೆ ಜಾಸ್ತಿ ಮಾತು ನಾನು ನೋಡಿಲ್ಲ, ಅದಕ್ಕೇ ಈ ಬರಹ.

ಮೊದ್ಲು ಒಂದು ಹಳೇ ಮಾತು. 1885ರಲ್ಲಿ ರಾವೆನ್‌ಸ್ಟೈನ್ ಅನ್ನೋ ಭೂಗೋಳದ ವಿದ್ವಾಂಸ ಲಂಡನ್ನಲ್ಲಿ ಬ್ರಿಟನ್ನಿನ ಜನಗಣತಿ ಇಟ್ಕೊಂಡು ವಲಸೆಯ ನಿಯಮಗಳು ಅಂತ ಒಂದು ಪ್ರಬಂಧ ಬರ್ದ. ಅದ್ರಲ್ಲಿ ಒಂದು ಕಡೆ ಸ್ಪಷ್ಟವಾಗಿ ಹೇಳಿದಾನೆ, ಗಂಡಸಿಗಿಂತ ಹೆಂಗಸೇ ಜಾಸ್ತಿ ವಲಸೆ ಹೋಗೋಳು ಅಂತ, ಕಡಿಮೆ ದೂರದ ಲೆಕ್ಕದಲ್ಲಂತೂ ಖಂಡಿತ, ಅದೂ ಬರೀ ಮನೆಗೆಲಸಕ್ಕಲ್ಲ, ಫ್ಯಾಕ್ಟರಿ ಕೆಲ್ಸಕ್ಕೂ. ವಲಸೆ ಅಧ್ಯಯನದ ಮೊದಮೊದಲ ಪ್ರಬಂಧಗಳಲ್ಲೇ ಇದಿದೆ! ಆಮೇಲೆ ಸುಮಾರು ನೂರು ವರ್ಷ ಎಲ್ರೂ ಅದನ್ನ ಮರ್ತೇ ಬಿಟ್ರು. ವಲಸಿಗ ಅಂದ್ರೆ ಗಂಡಸು, ಹೆಂಗಸು ಮಕ್ಳು ಅಂದ್ರೆ ಅವನ ಹಿಂದೆ ಬರೋ ಲಗೇಜ್ ಅನ್ನೋ ಥರ ಥಿಯರಿಗಳು ಬಂದ್ವು. 1984ರಲ್ಲಿ ಮಿರ್ಯಾನಾ ಮೊರೊಕ್ವಾಸಿಚ್ ಅನ್ನೋ ಸಮಾಜಶಾಸ್ತ್ರಜ್ಞೆ ವಲಸೆ ಹಕ್ಕಿಗಳಲ್ಲಿ ಹೆಂಗಸರೂ ಇದ್ದಾರೆ ಅಂತ ತಲೆಬರಹ ಕೊಟ್ಟೇ ಒಂದು ಲೇಖನ ಬರೀಬೇಕಾಯ್ತು. ವಿಶ್ವಸಂಸ್ಥೆ ಲೆಕ್ಕದಲ್ಲಿ 2020ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಬದುಕ್ತಿದ್ದೋರು 28 ಕೋಟಿ ಚಿಲ್ಲರೆ ಜನ, ಅದ್ರಲ್ಲಿ ಶೇಕಡಾ 48 ಹೆಂಗಸರು. ಅರ್ಧಕ್ಕರ್ಧ ಅಂತಾನೇ ಇಟ್ಕೊಳಿ.

ಹೆಂಗಸರನ್ನೂ ಎಣಿಸಿ ಅನ್ನೋದು ಮೊದಲ ಮೆಟ್ಲು ಅಷ್ಟೇ. ಅಸಲಿ ವಿಷಯ ಇರೋದು ಮನೆ ಒಳಗೆ. ಎಂಬತ್ತರ ದಶಕದಲ್ಲಿ ಅರ್ಥಶಾಸ್ತ್ರದೋರು, ಸುಮಾರು ಸಮಾಜಶಾಸ್ತ್ರದೋರು ಕೂಡ, ಒಂದು ಮಾತು ಹೇಳ್ತಿದ್ರು, ವಲಸೆ ಅನ್ನೋದು ಒಬ್ಬ ವ್ಯಕ್ತಿ ತಗೊಳೋ ನಿರ್ಧಾರ ಅಲ್ಲ, ಇಡೀ ಮನೆ ಸೇರಿ ಮಾಡೋ ಪ್ಲಾನ್, ಒಬ್ರನ್ನ ಹೊರಗೆ ಕಳ್ಸಿದ್ರೆ ಮನೆಯ ರಿಸ್ಕ್ ಹಂಚಿಹೋಗುತ್ತೆ ಅಂತ. ಕೇಳೋಕೆ ಸರಿಯಾಗೇ ಇದೆ. ಆದ್ರೆ "ಮನೆ ಸೇರಿ" ಅಂದ್ರೆ ಯಾರ್ಯಾರು ಸೇರಿ? ಊಟಕ್ಕೆ ಕೂತು ಎಲ್ರೂ ಕೈ ಎತ್ತಿ ವೋಟ್ ಹಾಕಿದ್ರಾ?

ಈ ಪ್ರಶ್ನೆಯನ್ನ ಪಟ್ಟು ಹಿಡ್ದು ಕೇಳ್ದೋರು ಪಿಯೆರೆಟ್ ಹೊಂಡಾನ್ಯೂ-ಸೊಟೆಲೊ. ಎಂಬತ್ತರ ದಶಕದ ಕೊನೇಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಒಂದು ಮೆಕ್ಸಿಕನ್ ಬಡಾವಣೆಯಲ್ಲಿ, ಸರಿಯಾದ ಕಾಗದಪತ್ರ ಇಲ್ದೇ ಬಂದು ನೆಲೆಸಿದ್ದ ಕುಟುಂಬಗಳ ಜೊತೆ ಸುಮಾರು ಒಂದೂವರೆ ವರ್ಷ ಓಡಾಡಿ ಅವ್ರು ಮಾಡಿದ ಕೆಲ್ಸ 1994ರಲ್ಲಿ ಪುಸ್ತಕವಾಗಿ ಬಂತು. ನಾನು ಅದನ್ನ ಓದಿದ್ದು ಆ ಹನ್ನೊಂದು ಸೆಕೆಂಡ್ ಮೌನ ಟೈಪ್ ಮಾಡಿದ ವಾರವೇ, ಅದಕ್ಕೋ ಏನೋ ಒಂದೊಂದು ಪುಟವೂ ಮನಸ್ಸಿಗೆ ನಾಟ್ತು.

ಹಿನ್ನೆಲೆ ಸ್ವಲ್ಪ ಹೇಳ್ಬೇಕು. 1942ರಿಂದ 1964ರ ತನಕ ಅಮೆರಿಕ ಮತ್ತು ಮೆಕ್ಸಿಕೊ ಮಧ್ಯೆ ಬ್ರಸೇರೊ ಅಂತ ಒಂದು ಒಪ್ಪಂದ ಇತ್ತು, ಹೊಲದ ಕೆಲ್ಸಕ್ಕೆ ಮೆಕ್ಸಿಕೊದಿಂದ ಗಂಡಸರನ್ನ ತಾತ್ಕಾಲಿಕವಾಗಿ ಕರ್ಸ್ಕೊಳ್ಳೋದು, ಕೊಯ್ಲು ಮುಗಿದ್ಮೇಲೆ ವಾಪಸ್ ಕಳ್ಸೋದು. 45 ಲಕ್ಷಕ್ಕೂ ಜಾಸ್ತಿ ಕಾಂಟ್ರಾಕ್ಟ್ ಆದ್ವು. ಹೆಂಡ್ತಿ ಮಕ್ಳಿಗೆ ಜಾಗವೇ ಇಲ್ಲ. ಅಂದ್ರೆ ಗಂಡ ಮೊದ್ಲು ಅನ್ನೋ ಕ್ರಮ ಸಂಸ್ಕೃತಿಯಿಂದ ತಾನಾಗೇ ಬಂದಿದ್ದು ಮಾತ್ರ ಅಲ್ಲ, ಸರ್ಕಾರ ಕೂತು ಬರ್ದಿದ್ದು ಕೂಡ.

ಈಗ ಆ ಗಂಡಸರ ಕಥೆ ನೋಡಿ. 1965ಕ್ಕಿಂತ ಮುಂಚೆ ಹೋದೋರು ವರ್ಷಗಟ್ಟಲೆ ಬರೀ ಗಂಡಸರೇ ಇರೋ ರೂಮುಗಳಲ್ಲಿ ಇದ್ರು. ಅಲ್ಲಿ ಮಾಡಿ ಹಾಕೋಕೆ ಯಾರಿದಾರೆ, ತಾವೇ ಅಡುಗೆ ಕಲ್ತರು, ಬಟ್ಟೆ ಒಗ್ಯೋದು, ಇಸ್ತ್ರಿ, ಸಾಮಾನು ತರೋದು ಎಲ್ಲಾ ಕಲ್ತರು. ಅತ್ತ ಊರಲ್ಲಿ ಹೆಂಡ್ತಿ ಕೈಗೆ ದುಡ್ಡು ಒಂದ್ಸಲ ಬರುತ್ತೆ ಒಂದ್ಸಲ ಬರಲ್ಲ, ಅವ್ಳು ಮನೆ ನಡೆಸ್ಕೊಂಡು, ತಾನೂ ದುಡ್ಕೊಂಡು, ಊರೋರ ಜೊತೆ ವ್ಯವಹಾರ ಮಾಡ್ಕೊಂಡು, ಯಾರನ್ನೂ ಕೇಳ್ದೇ ನಿರ್ಧಾರ ತಗೊಳ್ಳೋದು ಅಭ್ಯಾಸ ಆಯ್ತು. ಎಷ್ಟೋ ವರ್ಷ ಆದ್ಮೇಲೆ ಇವ್ರಿಬ್ರೂ ಒಂದೇ ಸೂರಿನ ಕೆಳಗೆ ಬಂದಾಗ, ಅಡುಗೆ ಗೊತ್ತಿರೋ ಗಂಡ, ನಿರ್ಧಾರ ಗೊತ್ತಿರೋ ಹೆಂಡ್ತಿ. ಆ ಮನೆಗಳಲ್ಲಿ ಕೆಲ್ಸ ಹಂಚ್ಕೊಳ್ಳೋದು ಜಾಸ್ತಿ ಕಂಡುಬಂತು. 1965ರ ನಂತರ ಹೋದೋರ ಕಥೆ ಬೇರೆ, ಅಷ್ಟರಲ್ಲಿ ಅಲ್ಲಿ ಅಕ್ಕ ತಂಗಿ ಅತ್ತಿಗೆ ಅಂತ ಹೆಂಗಸರು ಇರೋ ಮನೆಗಳು ಆಗಿದ್ವು, ಹೋದೋರು ಅಂಥಾ ಮನೆಗಳಲ್ಲಿ ಉಳ್ಕೊಂಡ್ರು, ಹೆಂಡ್ತಿಯಿಂದ ದೂರ ಇದ್ದ ಕಾಲವೂ ಕಡಿಮೆ. ಆ ಗಂಡಸರು ಮನೆಗೆಲಸ ಅಷ್ಟಾಗಿ ಮುಟ್ಲಿಲ್ಲ. ವಯಸ್ಸಲ್ಲಿ ಚಿಕ್ಕೋರು, ಹೊಸ ಕಾಲದೋರು, ಆದ್ರೂ ಹಳೇ ಕಾಲದೋರಿಗಿಂತ ಹಿಂದೆ. ಕಾಲ ಹೋದ ಹಾಗೆ ಗಂಡಸರು ಬದಲಾಗ್ತಾರೆ ಅಂತ ನಾವು ಅಂದ್ಕೊಂಡಿರ್ತೀವಲ್ಲ, ಅದು ಇಲ್ಲಿ ತಲೆಕೆಳಗಾಗಿದೆ. ಬದಲಾಯಿಸಿದ್ದು ಕಾಲ ಅಲ್ಲ, ಕ್ರಮ.

ಇನ್ನೊಂದು ಸಂಗತಿ ಅದ್ರಲ್ಲಿ ಬರುತ್ತೆ, ನಂಗೆ ತುಂಬಾ ಇಷ್ಟವಾದದ್ದು. ಗಂಡ ಅಲ್ಲಿಂದ ಬಾ ಅಂತ ಕರೀದೇ ಇದ್ದಾಗ, ಬೇಡವೇ ಬೇಡ ಅಂದಾಗ ಕೂಡ ಕೆಲವು ಹೆಂಗಸರು ಹೊರಟು ಬಂದ್ರು. ದುಡ್ಡು ಯಾರು ಕೊಟ್ರು? ಅಕ್ಕ, ತಂಗಿ, ಅಮ್ಮ, ಗೆಳತಿ. ಮೊದ್ಲೇ ಅಲ್ಲಿ ಕೆಲ್ಸಕ್ಕಿದ್ದ ಹೆಂಗಸರು ಸಾಲ ಕೊಟ್ರು, ದಾರಿ ಹೇಳಿದ್ರು, ಕೆಲವು ಸಲ ಗಂಡನಿಗೆ ಗೊತ್ತಾಗೋದು ಹೆಂಡ್ತಿ ಹೊರಟಾದ್ಮೇಲೆ. ಹಾಗಿದ್ರೆ "ಮನೆ ಸೇರಿ ಮಾಡಿದ ಪ್ಲಾನ್" ಎಲ್ಲೋಯ್ತು? ಒಂದೇ ಮನೆ ಒಳಗೆ ಎರಡು ಬೇರೆ ಬೇರೆ ಬಳಗ ಇತ್ತು, ಗಂಡಸರ ಬಳಗ ಒಂದು, ಹೆಂಗಸರ ಬಳಗ ಒಂದು, ಒಂದರ ಸುದ್ದಿ ಇನ್ನೊಂದಕ್ಕೆ ತಲುಪ್ತಾ ಇರ್ಲಿಲ್ಲ.

ಇದನ್ನ ಓದಿದ್ಮೇಲೆ ನಾನು ಆ ಮನೆಗೆ ಎರಡನೇ ಸಲ ಹೋಗಿದ್ದೆ. (ಎರಡನೇ ಸಂದರ್ಶನ ಯಾವತ್ತೂ ಇಬ್ರನ್ನೂ ಬೇರೆ ಬೇರೆ ಕೂರ್ಸಿ ಮಾಡ್ಬೇಕು ಅನ್ನೋದು ಮೇಡಂ ಹಾಕಿದ ರೂಲು, ಇದಕ್ಕಿಂತ ದೊಡ್ಡ ಪಾಠ ನಂಗೆ ಯಾವ ಕ್ಲಾಸಲ್ಲೂ ಸಿಕ್ಕಿಲ್ಲ.) ಗಂಡನ್ನ ಕೇಳ್ದೆ, ಒಬ್ರೇ ಇದ್ದ ಆರು ವರ್ಷ ಅಡುಗೆ ಯಾರು ಮಾಡ್ತಿದ್ರು ಅಂತ. ಅವ್ರ ಮುಖ ಅರಳ್ತು. ರೂಮಲ್ಲಿ ಐದು ಜನ ಇದ್ವಿ, ನನ್ನ ಪಾಳಿ ದಿನ ಯಾರೂ ಹೊರಗೆ ತಿಂತಿರ್ಲಿಲ್ಲ, ಅಷ್ಟು ಚೆನ್ನಾಗ್ ಮಾಡ್ತಿದ್ದೆ ಅಂದ್ರು, ಹೇಗೆ ಹೆಚ್ತಿದ್ರು, ಎಷ್ಟು ಹೊತ್ತಿಗೆ ಎದ್ದು ಶುರು ಮಾಡ್ತಿದ್ರು, ಕೈ ಆಡ್ಸಿ ಆಡ್ಸಿ ತೋರ್ಸಿದ್ರು. ಈಗ? ಅಂತ ಕೇಳ್ದೆ. ಕೈ ಮಡಿಲಿಗೆ ಬಂತು. "ಅವ್ಳು ಬಂದ ವಾರ ನಾನೇ ಮಾಡ್ತಿದ್ದೆ. ಒಂದಿನ ಊರಿಂದ ಬಂದಿದ್ದ ನೆಂಟರೊಬ್ರು ನೋಡಿ ಏನೋ ಅಂದ್ರು. ಆಮೇಲೆ ಮಾಡ್ಲಿಲ್ಲ." ಏನಂದ್ರು ಅಂತ ನಾನು ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ. ಅಡುಗೆ ಅವ್ರಿಗೆ ಇಷ್ಟ ಇತ್ತು ಅನ್ನೋದು ಆ ಕೈ ಆಡ್ಸಿದ್ರಲ್ಲೇ ಗೊತ್ತಾಗ್ತಿತ್ತು, ಅದನ್ನ ಕಳ್ಕೊಂಡಿದ್ದು ಅವ್ರಿಗೂ ನಷ್ಟವೇ. ಜೆಂಡರ್ ಅಂದ್ರೆ ಹೆಂಗಸರ ವಿಷಯ ಅಂತ ಅಂದ್ಕೊಳೋರಿಗೆ ನಾನು ಈ ಕೈಗಳ ಬಗ್ಗೆ ಹೇಳ್ತೀನಿ.

ಇನ್ನು ವಾಪಸ್ ಹೋಗೋ ಮಾತು. ಇದ್ರ ಬಗ್ಗೆ ನ್ಯೂಯಾರ್ಕಿನ ಡೊಮಿನಿಕನ್ ಕುಟುಂಬಗಳ ಮೇಲೆ ಪೆಟ್ರೀಶಿಯಾ ಪೆಸ್ಸಾರ್ ಮಾಡಿದ ಅಧ್ಯಯನ ಇದೆ, ಶೆರ್ರಿ ಗ್ರಾಸ್‌ಮಕ್ ಜೊತೆ ಸೇರಿ ಬರ್ದ ಪುಸ್ತಕ 1991ರಲ್ಲಿ ಬಂತು. ಅದ್ರಲ್ಲಿ ಒಂದು ಸೋಫಾ ಇದೆ. ಅಂದ್ರೆ ಸೋಫಾ, ಫ್ರಿಡ್ಜ್ ಥರದ ದೊಡ್ಡ ಸಾಮಾನಿನ ವಿಷಯಕ್ಕೆ ಗಂಡ ಹೆಂಡ್ತಿ ಜಗಳ ಆಡೋದು. ಗಂಡಸರ ಲೆಕ್ಕ ಏನು ಅಂದ್ರೆ ಇಲ್ಲಿ ಖರ್ಚು ಮಾಡಿದ ಒಂದೊಂದು ಡಾಲರೂ ಊರಿಗೆ ವಾಪಸ್ ಹೋಗೋ ದಿನವನ್ನ ಮುಂದಕ್ಕೆ ತಳ್ಳುತ್ತೆ, ಹಾಗಾಗಿ ಕೈ ಬಿಗಿ ಹಿಡೀಬೇಕು. ಹೆಂಗಸರು ಸಾಮಾನು ತಗೊಂಡ್ರು, ಒಳ್ಳೆ ಸಾಮಾನೇ ತಗೊಂಡ್ರು, ಭಾರದ್ದು, ಹೊತ್ಕೊಂಡು ಹೋಗೋಕೆ ಆಗ್ದೇ ಇರೋಂಥದ್ದು. ಬಾಡಿಗೆ ಮನೆಗೆ ಅಷ್ಟು ದುಡ್ಡು ಸುರೀತಾಳೆ, ದುಂದುಗಾತಿ ಅಂತ ಗಂಡಂಗೆ ಅನ್ಸುತ್ತೆ. ಆದ್ರೆ ಅವ್ಳು ಬೇರು ಬಿಡ್ತಾ ಇದಾಳೆ. ಯಾಕೆ ಅಂದ್ರೆ ಇಲ್ಲಿ ಅವ್ಳು ಗಾರ್ಮೆಂಟ್ ಫ್ಯಾಕ್ಟರೀಲಿ ದುಡೀತಾಳೆ, ಸಂಬಳ ಅವ್ಳ ಕೈಗೆ ಬರುತ್ತೆ, ಮನೆ ಖರ್ಚಿಗೆ ಇಬ್ರದ್ದೂ ಸೇರ್ಸಿ ಒಂದು ಗಂಟು ಮಾಡ್ತಾರೆ, ಆ ಗಂಟಿನ ಮೇಲೆ ಅವ್ಳಿಗೂ ಮಾತಿದೆ. ಊರಿಗೆ ಹೋದ್ರೆ ಮತ್ತೆ ಗಂಡ ಕೊಟ್ಟಷ್ಟರಲ್ಲಿ ಮನೆ ತೂಗಿಸ್ಕೊಂಡು ಹೋಗ್ಬೇಕು. ವಾಪಸ್ ಹೋಗೋದು ಅಂದ್ರೆ ಗಂಡನಿಗೆ ಕಳ್ಕೊಂಡ ಮರ್ಯಾದೆ ಸಿಕ್ಕ ಹಾಗೆ, ಹೆಂಡ್ತಿಗೆ ಸಿಕ್ಕಿದ ಮರ್ಯಾದೆ ಕಳ್ಕೊಂಡ ಹಾಗೆ. ಇಬ್ರಿಗೂ ಊರು ಒಂದೇ, ಊರಿನ ಅರ್ಥ ಮಾತ್ರ ಬೇರೆ.

ಇದನ್ನ ಓದಿ ವಲಸೆ ಬಂದ್ರೆ ಹೆಂಗಸರಿಗೆ ಬಿಡುಗಡೆ ಅಂತ ತೀರ್ಮಾನ ಮಾಡ್ಬಿಡ್ಬಾರ್ದು. ಮೊದಮೊದಲ ಸಂಶೋಧನೆಗಳಲ್ಲಿ ಆ ಧಾಟಿ ಇತ್ತು, ಹಿಂದುಳಿದ ಊರಿಂದ ಮುಂದುವರಿದ ಊರಿಗೆ ಬಂದ್ಲು, ಸ್ವಾತಂತ್ರ್ಯ ಸಿಕ್ತು ಅಂತ. ಅದು ಅರ್ಧ ಸತ್ಯವೂ ಅಲ್ಲ. ಸಂಬಳ ಬಂದ ಕಡೆ ಬಲ ಬಂತು ನಿಜ, ಆದ್ರೆ ಊರಲ್ಲಿ ಮಗು ನೋಡ್ಕೊಳೋಕೆ ಇದ್ದ ಅಮ್ಮ, ಅತ್ತಿಗೆ, ಪಕ್ಕದ್ಮನೆಯೋರು ಎಲ್ಲಾ ಹೋಯ್ತು, ಹೊರಗಿನ ದುಡಿಮೆಯೂ ಅವ್ಳ ಮೇಲೆ, ಒಳಗಿನದ್ದೂ ಅವ್ಳ ಮೇಲೆ. ಸಿಕ್ಕಿದ್ದೂ ಹೋಗಿದ್ದೂ ಒಂದೇ ದಿನದಲ್ಲಿ, ಒಂದೇ ಮನೇಲಿ.

ಹೆಂಗಸು ಮೊದ್ಲು ಹೋದ್ರೆ ಏನಾಗುತ್ತೆ? ಎಲ್ಲಾ ಉಲ್ಟಾ ಆಗ್ಬೇಕು ಅಲ್ವಾ ಲೆಕ್ಕದ ಪ್ರಕಾರ, ಅವ್ಳು ದುಡೀತಾಳೆ ಅವ್ನು ಮನೆ ನೋಡ್ಕೋತಾನೆ ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. ಫಿಲಿಪ್ಪೀನ್ಸ್ ಈ ಪ್ರಶ್ನೆಗೆ ದೊಡ್ಡ ಉತ್ತರ. 1974ರ ಕಾರ್ಮಿಕ ಸಂಹಿತೆಯಲ್ಲೇ ಅಲ್ಲಿನ ಸರ್ಕಾರ ಜನರನ್ನ ಹೊರದೇಶಕ್ಕೆ ಕೆಲ್ಸಕ್ಕೆ ಕಳ್ಸೋದಕ್ಕೆ ವ್ಯವಸ್ಥೆ ಮಾಡ್ತು, ಆಮೇಲಾಮೇಲೆ ಮನೆಗೆಲಸ, ಆಯಾ ಕೆಲ್ಸ, ನರ್ಸಿಂಗ್ ಅಂತ ಹೋಗೋರಲ್ಲಿ ಹೆಂಗಸರು ತುಂಬಾ ಜಾಸ್ತಿ ಆದ್ರು. ರಾಸೆಲ್ ಪರೇನ್ಯಸ್ ಅಲ್ಲಿ ಹೋಗಿ ಆ ತಾಯಂದಿರ ಬೆಳೆದ ಮಕ್ಳನ್ನ ಮಾತಾಡ್ಸಿ 2005ರಲ್ಲಿ ಬರ್ದ್ರು. ಅಮ್ಮ ಹೋದ್ಮೇಲೆ ಅಪ್ಪ ಅಡುಗೆಮನೆಗೆ ಬಂದ ಮನೆಗಳು ಕಡಿಮೆ. ಆ ಜಾಗಕ್ಕೆ ಬಂದೋಳು ದೊಡ್ಡ ಮಗಳು. ಇಲ್ಲ ಚಿಕ್ಕಮ್ಮ, ಅಜ್ಜಿ. ಮತ್ತೆ ಅಮ್ಮನೇ, ದೂರದಿಂದ, ಫೋನಲ್ಲಿ, ಯೂನಿಫಾರಂ ಒಗೆದಿದ್ಯಾ, ಪರೀಕ್ಷೆ ಯಾವಾಗ, ತಮ್ಮನಿಗೆ ಔಷಧಿ ಕೊಟ್ಯಾ. ಅಪ್ಪ ದೂರ ಹೋಗಿ ದುಡ್ಡು ಕಳ್ಸಿದ್ರೆ ಒಳ್ಳೆ ಅಪ್ಪ ಅನ್ನಿಸ್ಕೋತಾನೆ, ಅಮ್ಮ ದುಡ್ಡೂ ಕಳ್ಸಿ, ದಿನಾ ಫೋನೂ ಮಾಡಿ, ಆದ್ರೂ ಬಿಟ್ಟು ಹೋದೋಳು ಅನ್ನಿಸ್ಕೋತಾಳೆ. ಮಕ್ಳೇ ಹಾಗಂತಾರೆ, ಅದನ್ನ ಓದೋಕೆ ಕಷ್ಟ ಆಗುತ್ತೆ.

ಎಲ್ ಸಾಲ್ವಡಾರ್‌ನ ಕುಟುಂಬಗಳ ಬಗ್ಗೆ ಲೀಸಿ ಅಬ್ರೇಗೊ 2014ರಲ್ಲಿ ಬರ್ದ ಕೆಲ್ಸದಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಅಮೆರಿಕದಲ್ಲಿ ದುಡಿಯೋ ತಾಯಂದಿರಿಗೆ ಅಪ್ಪಂದಿರಿಗಿಂತ ಸಂಬಳ ಕಮ್ಮಿ, ಆದ್ರೂ ಊರಿಗೆ ದುಡ್ಡು ತಪ್ಪದೇ ಕಳ್ಸೋದ್ರಲ್ಲಿ ಅವ್ರು ಮುಂದೆ, ತಮ್ಮ ಊಟ ಬಟ್ಟೆ ಕಡಿಮೆ ಮಾಡ್ಕೊಂಡಾದ್ರೂ ಸರಿ. ಹಾಗಾಗಿ ಅಮ್ಮ ದೂರ ಇರೋ ಎಷ್ಟೋ ಮನೆಗಳ ಮಕ್ಳು ಹಣದ ವಿಷಯದಲ್ಲಿ ಅಪ್ಪ ದೂರ ಇರೋ ಮನೆಯೋರಿಗಿಂತ ಚೆನ್ನಾಗಿದ್ರು. ಕಡಿಮೆ ಸಂಪಾದ್ನೆ, ಜಾಸ್ತಿ ಕಳ್ಸೋದು. ಬರೀ ಅರ್ಥಶಾಸ್ತ್ರ ಇಟ್ಕೊಂಡು ಇದನ್ನ ವಿವರಿಸೋಕಾಗಲ್ಲ, ತಾಯಿ ಅಂದ್ರೆ ಹೀಗಿರ್ಬೇಕು ಅನ್ನೋ ಭಾರ ಹೊತ್ಕೊಂಡೇ ಅವ್ಳು ಗಡಿ ದಾಟಿರ್ತಾಳೆ.

ಅಮೆರಿಕಕ್ಕೆ ಹೋದ ಕೇರಳದ ನರ್ಸುಗಳದ್ದೂ ಹೆಂಡ್ತಿ ಮೊದ್ಲು ಅನ್ನೋ ಕ್ರಮವೇ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಾಯಿಸಿ ದೇಶವಾರು ಹಳೇ ಕೋಟಾ ತೆಗೆದು ಹಾಕಿದ್ಮೇಲೆ ನರ್ಸುಗಳಿಗೆ ದಾರಿ ಆಯ್ತು, ಗಂಡಂದಿರು ಹಿಂದಿನಿಂದ ಹೋದ್ರು, ಅಲ್ಲಿ ಅವ್ರ ಓದಿಗೆ ತಕ್ಕ ಕೆಲ್ಸ ಸಿಗ್ದೇ ಎಷ್ಟೋ ಜನ ಕೆಳಗಿನ ಕೆಲ್ಸಕ್ಕೆ ಇಳೀಬೇಕಾಯ್ತು. ಶೀಬಾ ಜಾರ್ಜ್ ಅನ್ನೋ ಸಂಶೋಧಕಿ ಆ ಸಮುದಾಯದ ಜೊತೆ ಇದ್ದು ನೋಡಿದ್ದು ಏನಂದ್ರೆ, ಮನೇಲಿ ಕಳ್ಕೊಂಡ ಸ್ಥಾನವನ್ನ ಗಂಡಸರು ಚರ್ಚಲ್ಲಿ ತುಂಬ್ಕೊಂಡ್ರು. ಕಮಿಟಿ, ಪದಾಧಿಕಾರ, ವೇದಿಕೆ ಎಲ್ಲಾ ಗಂಡಸರದ್ದು. ವಾರಪೂರ್ತಿ ಆಸ್ಪತ್ರೇಲಿ ಶಿಫ್ಟ್ ಮಾಡಿ ಮನೆ ನಡ್ಸಿದ ಹೆಂಗಸಿಗೆ ಭಾನುವಾರ ಆ ಸಭೆಯಲ್ಲಿ ಮಾತಿಲ್ಲ. ಮನೆ ಮಟ್ಟಕ್ಕೆ ನೋಡಿ ನಿಲ್ಸಿದ್ರೆ ಇದು ಕಾಣ್ತಾನೇ ಇರ್ಲಿಲ್ಲ, ಬಲ ಅನ್ನೋದು ಒಂದು ಕೋಣೆಯಿಂದ ಹೊರಗೆ ಹೋದ್ರೆ ಇನ್ನೊಂದು ಕಡೆ ಜಾಗ ಹುಡುಕ್ಕೊಳುತ್ತೆ.

ಕಾನೂನಿನ ವಿಷಯಕ್ಕೆ ಬರ್ತೀನಿ, ಇಲ್ಲಿ ನಂಗೆ ಸಿಟ್ಟು ಬರುತ್ತೆ. ಮನೆ ಅಂದ್ರೆ ಒಂದೇ ತಲೆ ಅನ್ನೋದು ನಮ್ಮ ಫಾರಂನ ತಪ್ಪು ಮಾತ್ರ ಆಗಿರ್ಲಿಲ್ಲ, ದೊಡ್ಡ ದೊಡ್ಡ ದೇಶಗಳ ಕಾನೂನೇ ಹಾಗೆ ಬರ್ಕೊಂಡಿತ್ತು. 1907ರಲ್ಲಿ ಅಮೆರಿಕ ಮಾಡಿದ ಕಾನೂನಿನ ಪ್ರಕಾರ ಅಲ್ಲೇ ಹುಟ್ಟಿ ಬೆಳೆದ ಹೆಂಗಸು ಹೊರದೇಶದೋನನ್ನ ಮದ್ವೆ ಆದ್ರೆ ಅವ್ಳ ಪೌರತ್ವ ಹೋಯ್ತು, ಗಂಡ ಯಾವ ದೇಶದೋನೋ ಅವ್ಳೂ ಆ ದೇಶದೋಳು. ಎಥೆಲ್ ಮೆಕೆಂಜಿ ಅಂತ ಕ್ಯಾಲಿಫೋರ್ನಿಯಾದ ಹೆಂಗಸು, ಅಲ್ಲಿ 1911ರಲ್ಲಿ ಹೆಂಗಸರಿಗೆ ವೋಟು ಸಿಕ್ಕಿದ್ಮೇಲೆ ಹೆಸರು ನೋಂದಾಯಿಸೋಕೆ ಹೋದ್ರೆ ನಿನ್ನ ಗಂಡ ಬ್ರಿಟಿಷ್ ಪ್ರಜೆ, ನೀನು ಅಮೆರಿಕದೋಳೇ ಅಲ್ಲ ಅಂದ್ರು. ಅವ್ಳು ಸುಪ್ರೀಂ ಕೋರ್ಟ್ ತನಕ ಹೋದ್ಲು. 1915ರಲ್ಲಿ ಕೋರ್ಟು ಅವ್ಳ ವಿರುದ್ಧ ತೀರ್ಪು ಕೊಡ್ತು, ಗೊತ್ತಿದ್ದೇ ಹೊರದೇಶದೋನನ್ನ ಮದ್ವೆ ಆಗಿದ್ದೀಯ ಅಲ್ವಾ ಅನ್ನೋ ಅರ್ಥದಲ್ಲಿ. ತಾನು ಹುಟ್ಟಿದ ನೆಲದಲ್ಲೇ, ಒಂದು ಹೆಜ್ಜೆಯೂ ಆಚೆ ಇಡ್ದೇ, ಅವ್ಳು ವಲಸಿಗಳಾದ್ಲು. 1922ರಲ್ಲಿ ಆ ಕಾನೂನು ಸಡಿಲ ಆಯ್ತು, ಆಗಲೂ ಏಷ್ಯಾದ ಗಂಡಸರನ್ನ ಮದ್ವೆ ಆದೋರಿಗೆ ಆ ರಿಯಾಯ್ತಿ ಇಲ್ಲ, ಅದಕ್ಕೆ ಇನ್ನೂ ಸುಮಾರು ಹತ್ತು ವರ್ಷ ಹಿಡೀತು.

ಇದು ಹಳೇ ಕಥೆ ಅಂತ ಬಿಡೋ ಹಾಗಿಲ್ಲ. ಡಿಪೆಂಡೆಂಟ್ ಅನ್ನೋ ಪದ ಇವತ್ತಿಗೂ ವೀಸಾ ಕಾಗದದ ಮೇಲೆ ಇದೆ. ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿ ಕೆಲ್ಸಕ್ಕೆ ಬಂದೋರ ಗಂಡ ಅಥವಾ ಹೆಂಡ್ತಿಗೆ ಎಚ್-4. 2015ರ ಮೇ ತನಕ ಎಚ್-4 ಇದ್ದೋರು ಕೆಲ್ಸ ಮಾಡೋ ಹಾಗೇ ಇರ್ಲಿಲ್ಲ, ಆಮೇಲೂ ಗ್ರೀನ್‌ಕಾರ್ಡ್ ದಾರೀಲಿ ಒಂದು ಹಂತ ದಾಟಿದೋರ ಸಂಗಾತಿಗಳಿಗೆ ಮಾತ್ರ ಪರ್ಮಿಟ್. ಆ ಪರ್ಮಿಟ್ ಪಡೆದೋರಲ್ಲಿ ಹತ್ರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನ ಹೆಂಗಸರು, ಬಹುತೇಕ ಭಾರತದೋರು. ಇಂಜಿನಿಯರಿಂಗ್ ಓದಿದೋರು, ಟೀಚರ್ ಆಗಿದ್ದೋರು, ಡಾಕ್ಟರುಗಳು. ಪಲ್ಲವಿ ಬ್ಯಾನರ್ಜಿ ಇದ್ರ ಮೇಲೆ 2022ರಲ್ಲಿ ಪುಸ್ತಕ ಮಾಡಿದ್ರು, ಐಟಿ ಕೆಲ್ಸದ ಗಂಡಸರ ಹೆಂಡಂದಿರನ್ನೂ ನರ್ಸುಗಳ ಗಂಡಂದಿರನ್ನೂ ಪಕ್ಕಪಕ್ಕ ಇಟ್ಟು. ವೀಸಾ ಒಂದೇ ಥರದ್ದು, ಕೈ ಕಟ್ಟಿ ಹಾಕಿರೋದೂ ಒಂದೇ ಥರ. ಆದ್ರೆ ಹೆಂಡ್ತಿ ಮನೇಲಿ ಕೂತ್ರೆ ಸುತ್ತಲಿನೋರಿಗೆ ಅದು ಸಹಜ ಅನ್ಸುತ್ತೆ, ಅವ್ಳ ಒಳಗೆ ಕರಗ್ತಿರೋದು ಯಾರ ಕಣ್ಣಿಗೂ ಬೀಳಲ್ಲ. ಗಂಡ ಮನೇಲಿ ಕೂತ್ರೆ ಅದು ಎಲ್ರ ಕಣ್ಣಿಗೂ ಬೀಳುತ್ತೆ, ಅವನ ಅವಮಾನ ಎಲ್ರಿಗೂ ಅರ್ಥ ಆಗುತ್ತೆ. ಒಂದೇ ಬೀಗ, ಒಂದು ಬಾಗಿಲಿಗೆ ಹಾಕಿದ್ರೆ ಜನಕ್ಕೆ ಕಾಣುತ್ತೆ, ಇನ್ನೊಂದಕ್ಕೆ ಹಾಕಿದ್ರೆ ಕಾಣಲ್ಲ.

ಹೊಡೆಯೋ ಗಂಡನ ಕೈಲೇ ಹೆಂಡ್ತಿಯ ಗ್ರೀನ್‌ಕಾರ್ಡ್ ಅರ್ಜಿ ಇರೋ ಪರಿಸ್ಥಿತಿ ಯೋಚ್ನೆ ಮಾಡಿ. ಅವ್ನು ಸಹಿ ಹಾಕಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ, ಪೊಲೀಸ್ ಹತ್ರ ಹೋದ್ರೆ ದೇಶ ಬಿಟ್ಟು ಹೋಗ್ಬೇಕಾಗುತ್ತೇನೋ ಅನ್ನೋ ಭಯ. 1994ರಲ್ಲಿ ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಅಮೆರಿಕದಲ್ಲಿ ಬಂದ ಕಾನೂನಲ್ಲಿ, ಪೌರ ಅಥವಾ ಗ್ರೀನ್‌ಕಾರ್ಡ್ ಇರೋ ಗಂಡನಿಂದ ಹಿಂಸೆ ಅನುಭವಿಸ್ತಿರೋಳು ಅವನ ಸಹಿ ಇಲ್ದೇ ತಾನೇ ಅರ್ಜಿ ಹಾಕ್ಬೋದು ಅಂತ ಆಯ್ತು. ಕಾನೂನಲ್ಲಿ ಒಬ್ಬೊಬ್ರಿಗೆ ಒಂದೊಂದು ಸಾಲು ಕೊಟ್ರೆ ಏನು ಬದಲಾಗುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಇದನ್ನ ತೋರಿಸ್ತೀನಿ.

ಇನ್ನೂ ಹೇಳೋಕೆ ಬೇಕಾದಷ್ಟಿದೆ. ಅಪ್ಪ ಅಮ್ಮಂಗೆ ಆ ದೇಶದ ಭಾಷೆ ಬರ್ದೇ ಇರೋ ಮನೆಗಳಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಳು ಬ್ಯಾಂಕಲ್ಲಿ, ಡಾಕ್ಟ್ರ ಹತ್ರ, ಸ್ಕೂಲಲ್ಲಿ ದುಭಾಷಿ ಆಗೋದು, ಅದ್ರಲ್ಲೂ ದೊಡ್ಡ ಹೆಣ್ಮಗಳ ಮೇಲೇ ಆ ಕೆಲ್ಸ ಜಾಸ್ತಿ ಬೀಳೋದು. ಅಮ್ಮನ ಹೊಟ್ಟೆಲಿ ಗಡ್ಡೆ ಇದೆ ಅಂತ ಡಾಕ್ಟ್ರು ಹೇಳಿದ್ದನ್ನ ಅಮ್ಮನಿಗೆ ಹೇಳ್ಬೇಕಾದ ಹುಡುಗಿಯ ರೆಕಾರ್ಡಿಂಗ್ ನಾನು ಟೈಪ್ ಮಾಡಿದ್ದೀನಿ, ಅವ್ಳು "ಸಣ್ಣದು" ಅನ್ನೋ ಪದ ತಾನೇ ಸೇರ್ಸಿದ್ಲು ಅಂತ ದೊಡ್ಡೋಳಾದ್ಮೇಲೆ ನಮ್ಗೆ ಹೇಳಿದ್ಲು. ಗಂಡು ಗಂಡು, ಹೆಣ್ಣು ಹೆಣ್ಣು ಜೋಡಿಗಳ ವಲಸೆ ಬಗ್ಗೆ ಅಧ್ಯಯನ ತಡವಾಗಿ ಶುರುವಾಯ್ತು, ಅಮೆರಿಕದಲ್ಲಿ ಅಂಥ ಜೋಡಿಗಳಿಗೆ ಗಂಡ ಹೆಂಡ್ತಿ ವೀಸಾ ಸಿಗೋಕೆ ಶುರುವಾಗಿದ್ದೇ 2013ರ ಸುಪ್ರೀಂ ಕೋರ್ಟ್ ತೀರ್ಪಾದ್ಮೇಲೆ. ಅದ್ರ ಬಗ್ಗೆ ಇನ್ನೊಂದ್ಸಲ ಬರೀತೀನಿ.

ನನ್ನ ತಲೇಲಿ ತಿರುಗ್ತಾನೇ ಇರೋದು ಮಾತ್ರ ಹೋಗ್ದೇ ಉಳಿದೋರು. 1918ರಿಂದ 1920ರ ಮಧ್ಯೆ ಥಾಮಸ್ ಮತ್ತು ಜ್ನಾನೆಯೆಟ್ಸ್‌ಕಿ ಪೋಲೆಂಡಿನ ರೈತರ ವಲಸೆ ಬಗ್ಗೆ ಐದು ಸಂಪುಟ ತಂದ್ರು, ಅದ್ರಲ್ಲಿ ನೂರಾರು ಪತ್ರ ಇದಾವೆ. ಒಂದು ಕಂತೆ ವಾರ್ಸಾದಲ್ಲಿ ಉಳ್ಕೊಂಡ ಹೆಂಡ್ತಿ ಅಮೆರಿಕಕ್ಕೆ ಹೋದ ಗಂಡನಿಗೆ ವರ್ಷಗಟ್ಟಲೆ ಬರ್ದಿದ್ದು. ಮೊದ್ಲು ಯಾವಾಗ ಕರ್ಸ್ಕೊಳ್ತೀಯ ಅಂತ, ಆಮೇಲೆ ಯಾಕೆ ಪತ್ರ ಇಲ್ಲ ಅಂತ, ಆಮೇಲೆ ಬಾಡಿಗೆಗೆ ದುಡ್ಡು ಕಳ್ಸು ಅಂತ. ಅವ್ಳು ಎಲ್ಲೂ ಹೋಗ್ಲಿಲ್ಲ, ಆದ್ರೆ ವಲಸೆ ಅವ್ಳ ಇಡೀ ಬದುಕನ್ನ ತಿಂದ್ಹಾಕ್ತು. 2000ದಲ್ಲಿ ಆರ್ಲಿ ಹಾಕ್‌ಶೀಲ್ಡ್ ಇದನ್ನೇ ಇನ್ನೊಂದು ದಿಕ್ಕಿಂದ ಸರಪಳಿ ಅಂತ ಕರೆದ್ರು, ಆರೈಕೆಯ ಸರಪಳಿ. ಶ್ರೀಮಂತ ದೇಶದ ಹೆಂಗಸು ಆಫೀಸಿಗೆ ಹೋಗೋಕೆ ಮಗು ನೋಡ್ಕೊಳೋಳನ್ನ ಇಟ್ಕೋತಾಳೆ, ಆ ನೋಡ್ಕೊಳೋಳು ತನ್ನ ಮಕ್ಳನ್ನ ಊರಲ್ಲಿ ಇನ್ನೂ ಬಡವಳೊಬ್ಬಳ ಕೈಗೆ ಬಿಟ್ಟು ಬಂದಿರ್ತಾಳೆ, ಆ ಬಡವಳ ಮಕ್ಳನ್ನ ಅವ್ಳ ದೊಡ್ಡ ಮಗಳು ನೋಡ್ಕೋತಾಳೆ. ಕೆಳಗೆ ಹೋದ ಹಾಗೆ ಸಂಬಳ ಕಡಿಮೆ ಆಗ್ತಾ ಹೋಗುತ್ತೆ, ಕೊನೇ ಕೊಂಡಿಗೆ ಸಂಬಳವೇ ಇಲ್ಲ. ಮತ್ತೆ ಈ ಸರಪಳಿಯಲ್ಲಿ ಎಲ್ಲೂ ಗಂಡಸಿನ ಕೈ ಸಿಗಲ್ಲ.

ಆ ಮನೆಗೆ ನಾನು ಮೂರನೇ ಸಲ ಹೋಗಿದ್ದು ಬರೀ ಸಹಿ ಹಾಕಿಸ್ಕೊಳೋಕೆ. ಆಯಮ್ಮ ಹೊಸ ಫಾರಂ ನೋಡ್ಬೇಕು ಅಂದ್ರು, ಕೊಟ್ಟೆ. ಕನ್ನಡಕ ಹಾಕ್ಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದ್ರು. ಗಂಡನ ಸಾಲು, ತಮ್ಮ ಸಾಲು, ಎರಡು ವರ್ಷ ಆದ್ಮೇಲೆ ಬಂದ ಮಗಳ ಸಾಲು. ಬೆರಳು ಅಲ್ಲಿಗೆ ನಿಂತ್ತು. "ನಾನು ಬಂದ್ಮೇಲೆ ಎರಡು ವರ್ಷ ಮಗು ಇದ್ದಿದ್ದು ನಮ್ಮಮ್ಮನ ಹತ್ರ" ಅಂದ್ರು. ಹೌದು, ರೆಕಾರ್ಡಿಂಗಲ್ಲಿದೆ ಅಂದೆ. "ಅಮ್ಮನಿಗೆ ಸಾಲಿಲ್ವಾ?"

ಅವ್ರು ಬಂದಿಲ್ವಲ್ಲ, ಇದು ಬಂದೋರಿಗೆ ಮಾತ್ರ ಅಂತ ಹೇಳೋಕೆ ಹೊರಟಿದ್ದೆ, ಹೇಳೋಕಾಗ್ಲಿಲ್ಲ. ಕೆಳಗೆ ಖಾಲಿ ಜಾಗ ಕಮ್ಮಿ ಇತ್ತು. ಆಯಮ್ಮ ನನ್ನ ಕೈಯಿಂದ ಪೆನ್ ತಗೊಂಡು ಫಾರಂನ ಅಂಚಲ್ಲಿ, ಪಿನ್ ಹೊಡೆಯೋ ಜಾಗದ ಪಕ್ಕ, ಚಿಕ್ಕ ಅಕ್ಷರದಲ್ಲಿ ತಮ್ಮಮ್ಮನ ಹೆಸರು ಬರೆದ್ರು, ವರ್ಷದ ಜಾಗಕ್ಕೆ ಒಂದು ಗೆರೆ ಎಳೆದ್ರು.